ಗೆರೆಗೆ ಹೆದರಿದ ಗದ್ದುಗೆಗಳು

1831ರ ನವೆಂಬರ್ ತಿಂಗಳು. ಪ್ಯಾರಿಸ್‌ನ ನ್ಯಾಯಾಲಯವೊಂದರಲ್ಲಿ ಶಾರ್ಲ್ ಫಿಲಿಪೋ ಎಂಬ ಪತ್ರಿಕಾ ಪ್ರಕಾಶಕ ಆರೋಪಿಯಾಗಿ ನಿಂತಿದ್ದ. ಫ್ರಾನ್ಸಿನ ದೊರೆ ಲೂಯಿ ಫಿಲಿಪ್‌ನನ್ನು ಹೋಲುವ ಚಿತ್ರವನ್ನು ಪ್ರಕಟಿಸಿ ರಾಜನಿಗೆ ಅಪಮಾನ ಮಾಡಿದನೆಂಬುದು ಆತನ ಮೇಲಿದ್ದ ದೂರು. ಆತ ವಕೀಲಿ ವಾದಕ್ಕಿಂತ ಒಂದು ಹಾಳೆ ಕಾಗದವನ್ನು ಹೆಚ್ಚು ನಂಬಿದ. ಅದರ ಮೇಲೆ ನಾಲ್ಕು ಚಿತ್ರ ಗೀಚಿದ. ಮೊದಲನೆಯದು ದೊರೆಯ ಮುಖ. ಎರಡನೆಯದರಲ್ಲಿ ಕೆನ್ನೆ ತುಸು ಜೋತುಬಿದ್ದಿತ್ತು. ಮೂರನೆಯದರಲ್ಲಿ ಕಣ್ಣು, ಮೂಗು ಮಸುಕಾಗಿದ್ದವು. ನಾಲ್ಕನೆಯದು ಬರೀ ಒಂದು ಮರಸೇಬು. ಮೊದಲನೆಯದಕ್ಕೆ ಎರಡನೆಯದು ಹೋಲುತ್ತದೆ, ಎರಡನೆಯದಕ್ಕೆ ಮೂರನೆಯದು ಹೋಲುತ್ತದೆ. ಹೋಲಿಕೆಯೇ ಅಪರಾಧವಾದರೆ ಈ ಹಣ್ಣನ್ನೂ ಜೈಲಿಗೆ ಹಾಕಬೇಕಾಗುತ್ತದಲ್ಲ ಎಂಬುದು ಆತನ ವಾದದ ತಿರುಳಾಗಿತ್ತು.

ನ್ಯಾಯಾಲಯಕ್ಕೆ ಇದು ರುಚಿಸಲಿಲ್ಲ. ಆರು ತಿಂಗಳ ಸಜೆಯಾಯಿತು. ಆದರೆ ಅಷ್ಟರಲ್ಲಿ ಹಣ್ಣು ಕೈತಪ್ಪಿ ಹೋಗಿತ್ತು. ಪ್ಯಾರಿಸ್‌ನ ಗೋಡೆಗಳ ಮೇಲೆ ಹುಡುಗರು ಮರಸೇಬನ್ನು ಬರೆಯತೊಡಗಿದರು. ಬರೆಯುವುದಕ್ಕೆ ಒಂದು ಇದ್ದಿಲ ತುಂಡು ಸಾಕಿತ್ತು, ಚಿತ್ರಕಲೆ ಕಲಿತಿರಬೇಕೆಂದಿರಲಿಲ್ಲ. ಒಂದು ಹಣ್ಣಿನ ಚಿತ್ರವನ್ನು ಅಳಿಸುವುದಕ್ಕೆ ಪೊಲೀಸರನ್ನು ಕಳುಹಿಸಬೇಕಾಗಿ ಬಂದ ಸರಕಾರದ ಪಾಡು ಎಂಥದ್ದೆಂದು ಓದುಗರೇ ಊಹಿಸಿಕೊಳ್ಳಲಿ.

ಫಿಲಿಪೋನ ಬಳಗದಲ್ಲಿದ್ದ ಓನೊರೆ ದೊಮಿಯೆ ಎಂಬ ಯುವಕ ಇನ್ನೂ ಮುಂದೆ ಹೋದ. ದೊರೆ ಮಲವಿಸರ್ಜನೆಯ ಪೀಠದ ಮೇಲೆ ಕೂತಿದ್ದಾನೆ, ಬಡವರ ದುಡಿಮೆಯ ನಾಣ್ಯಗಳನ್ನು ಆಳುಗಳು ಬುಟ್ಟಿಗಳಲ್ಲಿ ಹೊತ್ತು ಹಲಗೆಯೊಂದರ ಮೇಲೆ ಹತ್ತಿ ಆತನ ತೆರೆದ ಬಾಯಿಗೆ ಸುರಿಯುತ್ತಿದ್ದಾರೆ, ಪೀಠದ ಕೆಳಗಿನಿಂದ ಬಿರುದು ಬಾವಲಿಗಳು ಉದುರುತ್ತಿವೆ. 1831ರ ಡಿಸೆಂಬರ್‌ನ ಈ ಕಲ್ಲಚ್ಚು ಚಿತ್ರಕ್ಕೆ ದೊಮಿಯೆ ತೆತ್ತ ಬೆಲೆಯೂ ಆರು ತಿಂಗಳ ಸೆರೆವಾಸವೇ. ಜೈಲಿನಿಂದ ಬಂದ ಮೇಲೆ, 1834ರ ಏಪ್ರಿಲ್‌ನಲ್ಲಿ, ಪ್ಯಾರಿಸ್‌ನ ಟ್ರಾನ್ಸ್‌ನೊನೇ ಬೀದಿಯ ಮನೆಯೊಂದಕ್ಕೆ ಸೈನಿಕರು ನುಗ್ಗಿ ನಿದ್ದೆಯಲ್ಲಿದ್ದವರನ್ನು ಕೊಂದರು. ದೊಮಿಯೆ ಆ ಕೋಣೆಯನ್ನು ಚಿತ್ರಿಸಿದ. ಅದರಲ್ಲಿ ಸೈನಿಕರಿಲ್ಲ, ಬಂದೂಕಿಲ್ಲ, ವ್ಯಂಗ್ಯವಿಲ್ಲ. ಮಲಗುವ ಅಂಗಿಯಲ್ಲಿ ಸತ್ತುಬಿದ್ದ ಒಬ್ಬ ಗಂಡಸು, ಅವನ ದೇಹದ ಕೆಳಗೆ ಸಿಕ್ಕಿಕೊಂಡ ಒಂದು ಮಗು. ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದ ಆ ಚಿತ್ರವನ್ನು ನೋಡಲು ಜನ ಮುಗಿಬಿದ್ದರು. ಸರಕಾರ ಪ್ರತಿಗಳನ್ನೂ ಅಚ್ಚಿನ ಕಲ್ಲನ್ನೂ ವಶಪಡಿಸಿಕೊಂಡಿತು.

1835ರಲ್ಲಿ ಬಂದ ಕಾನೂನು ಇನ್ನೂ ಕುತೂಹಲಕರವಾದುದು. ಲೇಖನಗಳಿಗೆ ಪೂರ್ವಾನುಮತಿ ಬೇಡ, ಚಿತ್ರಗಳಿಗೆ ಮಾತ್ರ ಬೇಕು ಎಂದಿತು ಆ ಕಾನೂನು. ಬರಹ ಅಭಿಪ್ರಾಯ, ಚಿತ್ರ ಕೃತ್ಯ ಎಂಬುದು ಆಳುವವರ ಸಮರ್ಥನೆ. ಕಣ್ಣಿಗೆ ನೇರವಾಗಿ ತಾಗುವುದರಿಂದ ಅದು ಮಾತಲ್ಲ, ಪ್ರಚೋದನೆ ಎಂದು ಅವರು ವಾದಿಸಿದರು. ಅಕ್ಷರ ಬಲ್ಲವರು ಕೆಲವರೇ ಇದ್ದ ಕಾಲದಲ್ಲಿ ಲೇಖನ ಮುಟ್ಟುವುದು ಓದಬಲ್ಲವರನ್ನು ಮಾತ್ರ. ಚಿತ್ರ ಮುಟ್ಟುವುದು ಬೀದಿಯನ್ನು. ಚಿತ್ರದ ಶಕ್ತಿಯ ಕುರಿತು ಕಲಾವಿಮರ್ಶಕರು ಎಷ್ಟೋ ಗ್ರಂಥ ಬರೆದಿದ್ದಾರೆ. ಆದರೆ ಅದನ್ನು ಮೊದಲು ಸರಿಯಾಗಿ ಅಳೆದವರು ಅದಕ್ಕೆ ಹೆದರಿದ ಮಂತ್ರಿಗಳೇ ಎಂದು ನಮಗನಿಸುತ್ತದೆ.

ಇದು ಯುರೋಪಿನ ಕಥೆ ಮಾತ್ರವೆಂದು ತಿಳಿಯಬೇಕಾಗಿಲ್ಲ. ಲಕ್ನೋದಲ್ಲಿ 1877ರಲ್ಲಿ ಮುನ್ಶಿ ಸಜ್ಜಾದ್ ಹುಸೈನ್ ಆರಂಭಿಸಿದ 'ಅವಧ್ ಪಂಚ್' ಎಂಬ ಉರ್ದು ವಾರಪತ್ರಿಕೆ ಬ್ರಿಟಿಷ್ ಅಧಿಕಾರಿಗಳನ್ನೂ ಅವರ ಅನುಕರಣೆಗೆ ಹೊರಟ ನಮ್ಮವರನ್ನೂ ಚಿತ್ರಗಳಲ್ಲಿ ಗೇಲಿ ಮಾಡಿತು. 1906ರಲ್ಲಿ ಕಾಕಸಸ್ ಪ್ರಾಂತದ ತಿಫ್ಲಿಸ್ ನಗರದಲ್ಲಿ ಜಲೀಲ್ ಮಮ್ಮದ್‌ಕುಲಿಝಾದೆ ಹೊರತಂದ 'ಮುಲ್ಲಾ ನಸ್ರುದ್ದೀನ್' ಪತ್ರಿಕೆಯ ಬಣ್ಣದ ಚಿತ್ರಗಳಂತೂ ಓದು ಬಾರದ ಮುಸ್ಲಿಮ್ ರೈತರ ಮನೆಯನ್ನೂ ತಲುಪಿದವು. ಝಾರ್ ದೊರೆಯ ಅಧಿಕಾರಿಗಳು, ಇರಾನಿನ ಶಾಹ್, ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಬಾರದೆಂದ ಧಾರ್ಮಿಕ ಮುಖಂಡರು ಹೀಗೆ ಯಾರೂ ಅದರ ಪೆನ್ಸಿಲಿನಿಂದ ತಪ್ಪಿಸಿಕೊಳ್ಳಲಿಲ್ಲ. ಜೀವಿಗಳ ಚಿತ್ರ ಬರೆಯುವ ಕುರಿತು ನಮ್ಮ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯಗಳಿರುವುದು ನಿಜ. ಆ ಚರ್ಚೆ ಇಲ್ಲಿನ ವಿಷಯವಲ್ಲ. ಮುಸ್ಲಿಮ್ ಸಮಾಜದಲ್ಲಿ ಚಿತ್ರದ ಮೂಲಕ ಪ್ರತಿಭಟಿಸುವ ಪರಂಪರೆಯೇ ಇರಲಿಲ್ಲ ಎಂಬ ಮಾತು ಮಾತ್ರ ಇತಿಹಾಸಕ್ಕೆ ಹೊಂದುವುದಿಲ್ಲ.

ಈಗ ಬಂಗಾಳಕ್ಕೆ ಬರೋಣ. 1943ರ ಮಹಾಕ್ಷಾಮ. ಸರಕಾರವೇ ನೇಮಿಸಿದ ವಿಚಾರಣಾ ಆಯೋಗ ಸತ್ತವರ ಸಂಖ್ಯೆಯನ್ನು ಸುಮಾರು 15 ಲಕ್ಷವೆಂದಿತು. ಆ ಮೇಲಿನ ವಿದ್ವಾಂಸರ ಲೆಕ್ಕ 30 ಲಕ್ಷದವರೆಗೂ ಹೋಗುತ್ತದೆ. ಯುದ್ಧದ ಹೆಸರಿನಲ್ಲಿ ಅಕ್ಕಿಯನ್ನೂ ದೋಣಿಗಳನ್ನೂ ಕಸಿದುಕೊಂಡ ಬ್ರಿಟಿಷ್ ಆಡಳಿತ, ಕ್ಷಾಮ ಸಂಹಿತೆಯ ಪ್ರಕಾರ ಕ್ಷಾಮವೆಂದು ಘೋಷಿಸುವುದಕ್ಕೂ ಸಿದ್ಧವಿರಲಿಲ್ಲ. ಘೋಷಿಸಿದರೆ ಪರಿಹಾರ ಕೊಡುವ ಹೊಣೆ ಹೊರಬೇಕಲ್ಲ! ಹಳ್ಳಿಗಳಿಂದ ಗುಳೆ ಬಂದವರು ಕಲ್ಕತ್ತೆಯ ಕಾಲುದಾರಿಗಳಲ್ಲಿ ಗಂಜಿಗಾಗಿ ಅಂಗಲಾಚುತ್ತ ಸತ್ತರು.

ಕಲ್ಕತ್ತೆಯ ಸರಕಾರಿ ಕಲಾಶಾಲೆಯಲ್ಲಿ ಆಗ ಝೈನುಲ್ ಆಬಿದೀನ್ ಎಂಬ ತರುಣ ಅಧ್ಯಾಪಕರಿದ್ದರು. ಮೈಮನ್‌ಸಿಂಗ್ ಸೀಮೆಯವರು, ಬ್ರಹ್ಮಪುತ್ರೆಯ ದಂಡೆಯಲ್ಲಿ ಬೆಳೆದವರು. ಅಲ್ಲಿಯವರೆಗೆ ನದಿ, ದೋಣಿ, ಮರಗಳನ್ನು ಬಣ್ಣದಲ್ಲಿ ಬರೆಯುತ್ತಿದ್ದ ಅವರು ಬಣ್ಣವನ್ನು ಬದಿಗಿಟ್ಟರು. ಒಳ್ಳೆಯ ಕಾಗದ ಕೊಳ್ಳಲು ದುಡ್ಡಿರಲಿಲ್ಲ, ಸಾಮಾನು ಕಟ್ಟುವ ಅಗ್ಗದ ಕಾಗದ ತಂದರು. ಇದ್ದಿಲಿನಿಂದ ತಾವೇ ಮಸಿ ತಯಾರಿಸಿಕೊಂಡರು. ಒಣ ಕುಂಚದ ದಪ್ಪ, ಒರಟು ಗೆರೆಗಳಲ್ಲಿ ಬೀದಿಯಲ್ಲಿ ಕಂಡದ್ದನ್ನು ಬರೆದರು. ತೊಟ್ಟಿಯೊಂದರ ಬಳಿ ಎಂಜಲಿಗಾಗಿ ನಾಯಿ, ಕಾಗೆಗಳೊಡನೆ ಸೆಣಸುವ ಮನುಷ್ಯರು, ಸತ್ತ ತಾಯಿಯ ಪಕ್ಕದ ಮಗು, ಪಕ್ಕೆಲುಬು ಮಾತ್ರ ಉಳಿದ ಗಂಡಸು. ಈ ಚಿತ್ರಗಳಲ್ಲಿ ಹಿನ್ನೆಲೆಯೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಮನುಷ್ಯನ ಸುತ್ತ ಬರೀ ಖಾಲಿ ಕಾಗದ. ಚಿತ್ರದಲ್ಲಿ ಆಂಗ್ಲ ಅಧಿಕಾರಿಯೂ ಇಲ್ಲ, ಅಕ್ಕಿ ಬಚ್ಚಿಟ್ಟ ವ್ಯಾಪಾರಿಯೂ ಇಲ್ಲ, ಘೋಷಣೆಯೂ ಇಲ್ಲ. ಆದರೂ ಅವುಗಳನ್ನು ನೋಡಿದವನಿಗೆ ಇದಕ್ಕೆ ಯಾರು ಹೊಣೆ ಎಂದು ಕೇಳದಿರಲು ಸಾಧ್ಯವಿಲ್ಲ.

ಅದೇ ತಿಂಗಳುಗಳಲ್ಲಿ ಚಿತ್ತಪ್ರಸಾದ್ ಎಂಬ ಇನ್ನೊಬ್ಬ ಕಲಾವಿದ ಮಿಡ್ನಾಪುರ ಜಿಲ್ಲೆಯಲ್ಲಿ ಸುತ್ತಾಡುತ್ತಿದ್ದರು. ಬ್ರಾಹ್ಮಣ ಮನೆತನದ ಅಡ್ಡಹೆಸರನ್ನು ಕಳಚಿಟ್ಟು ಕಮ್ಯುನಿಸ್ಟ್ ಪಕ್ಷ ಸೇರಿದ್ದವರು. ಅವರ ವಿಧಾನ ಬೇರೆ. ಚಿತ್ರದೊಡನೆ ಆ ವ್ಯಕ್ತಿಯ ಹೆಸರು, ಹಳ್ಳಿ, ಆತ ಏನು ಕೆಲಸ ಮಾಡುತ್ತಿದ್ದ, ಏನನ್ನು ಕಳೆದುಕೊಂಡ ಎಂಬುದನ್ನೂ ಬರೆದುಕೊಳ್ಳುತ್ತಿದ್ದರು. ಹಸಿವೆಯಿಂದ ಸಾಯುವವನಿಗೂ ಒಂದು ಹೆಸರಿದೆ ಎಂಬ ಹಠ ಅದು. 'ಹಸಿದ ಬಂಗಾಳ' ಎಂಬ ಅರ್ಥದ ಹೆಸರಿನಲ್ಲಿ ಅವರ ಚಿತ್ರ, ಬರಹಗಳ ಸಣ್ಣ ಪುಸ್ತಕ ಅಚ್ಚಾಯಿತು, 5,000 ಪ್ರತಿ. ಬ್ರಿಟಿಷ್ ಸರಕಾರ ಅವುಗಳನ್ನು ಮುಟ್ಟುಗೋಲು ಹಾಕಿಕೊಂಡು ನಾಶಮಾಡಿತು. ಚಿತ್ತಪ್ರಸಾದರ ಕುಟುಂಬದ ಬಳಿ ಉಳಿದ ಒಂದು ಪ್ರತಿಯಿಂದ 2011ರಲ್ಲಿ ಅದು ಯಥಾವತ್ತಾಗಿ ಮರುಮುದ್ರಣವಾಯಿತು. ಹಿಟ್ಲರನ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದೇವೆಂದು ಜಗತ್ತಿಗೆ ಸಾರುತ್ತಿದ್ದ ಸಾಮ್ರಾಜ್ಯ, ಕೆಲವು ಮಸಿಗೆರೆಗಳನ್ನು ಸಹಿಸಲಾರದೆ ಹೋಯಿತು.

ದೇಶ ವಿಭಜನೆಯ ಬಳಿಕ ಝೈನುಲ್ ಆಬಿದೀನ್ ಢಾಕಾಕ್ಕೆ ಹೋಗಿ 1948ರಲ್ಲಿ ಅಲ್ಲಿ ಕಲಾಶಾಲೆಯನ್ನು ಕಟ್ಟಿದರು. ಜನ ಅವರನ್ನು ಶಿಲ್ಪಾಚಾರ್ಯ ಎಂದು ಕರೆದರು. 1970ರಲ್ಲಿ ಅವರು ಜೋರ್ಡಾನ್ ಮತ್ತು ಸಿರಿಯಾಗಳಲ್ಲಿದ್ದ ಫೆಲೆಸ್ತೀನಿ ನಿರಾಶ್ರಿತರ ಶಿಬಿರಗಳಿಗೆ ಹೋಗಿ ಅಲ್ಲಿನ ಜನರನ್ನು ಚಿತ್ರಿಸಿದ ಸಂಗತಿ ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ. ಕ್ಷಾಮದ ಕಲಾವಿದನಿಗೆ ಆ ಗುಡಾರಗಳಲ್ಲಿ ಕಂಡ ಮುಖಗಳು ಅಪರಿಚಿತವೆನಿಸಿರಲಾರವು.

ಅಂಥದ್ದೇ ಒಂದು ಶಿಬಿರದಲ್ಲಿ ಬೆಳೆದವರು ನಾಜಿ ಅಲ್ ಅಲಿ. ಗಲೀಲಿ ಪ್ರಾಂತದಲ್ಲಿ ತಿಬೇರಿಯಾಸ್ ಮತ್ತು ನಝರೆತ್ ನಡುವೆ ಅಶ್ಶಜರಾ ಎಂಬ ಹಳ್ಳಿಯಿತ್ತು. 1948ರಲ್ಲಿ ಆ ಹಳ್ಳಿಯ ಜನ ಒಕ್ಕಲೆದ್ದರು. ಸುಮಾರು ಹತ್ತು ವರ್ಷದ ನಾಜಿ ಕುಟುಂಬದೊಡನೆ ದಕ್ಷಿಣ ಲೆಬನಾನಿನ ಸೈದಾ ಪಟ್ಟಣದ ಬಳಿಯ ಐನುಲ್ ಹಿಲ್ವಾ ಶಿಬಿರ ಸೇರಿದರು. 'ಸಿಹಿನೀರಿನ ಚಿಲುಮೆ' ಎಂದು ಆ ಹೆಸರಿನ ಅರ್ಥ! ತೋಟಗಳಲ್ಲಿ ಕೂಲಿ, ಯಂತ್ರ ರಿಪೇರಿಯ ಕೆಲಸ ಮಾಡಿಕೊಂಡೇ ಶಿಬಿರದ ಗೋಡೆಗಳ ಮೇಲೆ ಚಿತ್ರ ಬರೆದರು. ರಾಜಕೀಯ ಚಟುವಟಿಕೆಗಾಗಿ ಲೆಬನಾನಿನ ಪೊಲೀಸರು ಬಂಧಿಸಿದಾಗ ಜೈಲಿನ ಗೋಡೆಗಳ ಮೇಲೂ ಬರೆದರು. ಶಿಬಿರಕ್ಕೆ ಬಂದ ಸಾಹಿತಿ ಘಸ್ಸಾನ್ ಕನಫಾನಿಯವರ ಕಣ್ಣಿಗೆ ಈ ಚಿತ್ರಗಳು ಬಿದ್ದವು. 1961ರಲ್ಲಿ 'ಅಲ್ ಹುರ್ರಿಯಾ' ಪತ್ರಿಕೆಯಲ್ಲಿ ಅವು ಪ್ರಕಟವಾದವು. ಆ ಕನಫಾನಿಯನ್ನೂ 1972ರಲ್ಲಿ ಬೈರೂತಿನಲ್ಲಿ ಕಾರುಬಾಂಬಿಟ್ಟು ಕೊಲ್ಲಲಾಯಿತು.

ನಾಜಿ ಹೊಟ್ಟೆಪಾಡಿಗಾಗಿ ಕುವೈತಿಗೆ ಹೋದರು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಯುವಕರು ಮುಂದೆ ಹಿಡಿದ ದಾರಿಯೇ ಅದು. ಅಲ್ಲಿಯ ಸುಖದಲ್ಲಿ ತಾನು ಶಿಬಿರವನ್ನು ಮರೆತುಬಿಟ್ಟೇನು ಎಂಬ ಭಯ ಅವರನ್ನು ಕಾಡುತ್ತಿತ್ತು. ಆ ಭಯಕ್ಕೆ ಕಾವಲಾಗಿ 1969ರಲ್ಲಿ 'ಅಸ್ಸಿಯಾಸಾ' ಪತ್ರಿಕೆಯ ಪುಟದಲ್ಲಿ ಒಬ್ಬ ಬಾಲಕ ಹುಟ್ಟಿಕೊಂಡ. ಬರಿಗಾಲು, ತೇಪೆ ಹಾಕಿದ ಬಟ್ಟೆ, ಮುಳ್ಳಿನಂತೆ ನಿಂತ ನಾಲ್ಕಾರು ಕೂದಲು. ಹೆಸರು ಹಂದಲಾ. ಸಹಾಬಿಗಳಲ್ಲೊಬ್ಬರ ಹೆಸರಾಗಿ ನಮ್ಮ ಓದುಗರಿಗೆ ಪರಿಚಿತವಾದ ಹಂಝಲ ಎಂಬ ಹೆಸರೇ ಇದು. ಆ ಪದಕ್ಕೆ ಹಾವುಮೆಕ್ಕೆ ಕಾಯಿ ಎಂದರ್ಥ. ಹದೀಸಿನ ಉಪಮೆಯೊಂದರಲ್ಲೂ ಅದರ ಕಹಿಯ ಪ್ರಸ್ತಾಪವಿದೆ. ಮರಳುಗಾಡಿನಲ್ಲಿ ಬೆಳೆಯುವ, ಬಾಯಿಗಿಟ್ಟರೆ ಕಹಿಯಾದ, ಕಡಿದರೂ ಬೇರಿನಿಂದ ಮತ್ತೆ ಚಿಗುರುವ ಬಳ್ಳಿ. ಹಂದಲಾನ ವಯಸ್ಸು ಹತ್ತು. ನಾಜಿ ಊರು ಬಿಟ್ಟಾಗಿನ ವಯಸ್ಸು ಅದು. ಊರಿಗೆ ಮರಳುವವರೆಗೆ ಆತ ಬೆಳೆಯುವುದಿಲ್ಲ ಎಂದು ನಾಜಿ ಹೇಳುತ್ತಿದ್ದರು.

1973ರ ಯುದ್ಧದ ಬಳಿಕ ಹಂದಲಾ ಓದುಗರಿಗೆ ಬೆನ್ನು ತಿರುಗಿಸಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅಮೆರಿಕದ ಮಧ್ಯಸ್ಥಿಕೆಯಲ್ಲಿ ಬರುತ್ತಿದ್ದ ಸಂಧಾನಗಳಿಗೆ ಆತ ಕೈ ಚಾಚಲಾರ ಎಂಬುದು ಅದರ ಇಂಗಿತ. ಅಂದಿನಿಂದ ನಾವು ಆತನ ಮುಖ ನೋಡಲಾಗುವುದಿಲ್ಲ, ಆತ ನೋಡುತ್ತಿರುವುದನ್ನು ನೋಡಬೇಕಾಗುತ್ತದೆ. ಮೈಸೂರಿನಲ್ಲಿ ಹುಟ್ಟಿ 'ಕೊರವಂಜಿ' ಪತ್ರಿಕೆಯಲ್ಲೂ ಚಿತ್ರ ಬರೆದ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯ ಇಲ್ಲಿ ನೆನಪಾಗದಿರುವುದಿಲ್ಲ. ಚೌಕಳಿ ಕೋಟಿನ ಆ ಮುದುಕನೂ ಬಾಯಿ ಬಿಡಲಿಲ್ಲ. ಆದರೆ ಆತನ ಮುಖದಲ್ಲಿ ಸದಾ ಒಂದು ಬೆರಗಿತ್ತು, ಆತನಿಗೆ ಹೋಗಲು ಒಂದು ಮನೆಯಿತ್ತು. ಆತನ ಮೌನ ನಗಿಸುತ್ತದೆ. ಹಂದಲಾನ ಮೌನ ನಗಿಸುವುದಿಲ್ಲ.

ನಾಜಿಯ ಚಿತ್ರಗಳಲ್ಲಿ ಇನ್ನು ಕೆಲವರಿದ್ದಾರೆ. ಮನೆಯ ಬೀಗದಕೈಯನ್ನು ಕೊರಳಿಗೆ ಕಟ್ಟಿಕೊಂಡ ಫಾತಿಮಾ. ತೆಳ್ಳಗಿನ ಬಡ ಗಂಡಸು. ಕಾಲೇ ಇಲ್ಲದ, ಸಿಂಬಳದ ಹುಳುವಿನಂತೆ ಉಬ್ಬಿದ ಅರಬ್ ಧನಿಕರು, ಮುಖಂಡರು. ಶಿಲುಬೆಯ ಮೇಲಿನ ಒಂದು ಕೈಯನ್ನು ಬಿಡಿಸಿಕೊಂಡು ಕಲ್ಲೆಸೆಯುವ ಯೇಸು. ಈಸಾ (ಅ)ರ ಶಿಲುಬೆಯ ಕುರಿತು ಮುಸ್ಲಿಮರ ನಂಬಿಕೆ ಬೇರೆ. ಆದರೆ ನಾಜಿಗೆ ಅದು ತನ್ನ ಮಣ್ಣಿನ, ತನ್ನ ನೆರೆಹೊರೆಯ ಕ್ರೈಸ್ತರ ಸಂಕೇತ. ನಝರೆತ್ತಿನ ಪಕ್ಕದ ಹಳ್ಳಿಯ ಹುಡುಗ ಅದನ್ನು ತನ್ನದಲ್ಲವೆಂದು ಹೇಗೆ ತಿಳಿದಾನು? 1982ರಲ್ಲಿ ಇಸ್ರೇಲ್ ಲೆಬನಾನಿಗೆ ನುಗ್ಗಿದಾಗ ನಾಜಿ ಅಲ್ಲೇ ಇದ್ದರು. ಐನುಲ್ ಹಿಲ್ವಾ ನೆಲಸಮವಾಯಿತು. ಸೆಪ್ಟೆಂಬರ್‌ನಲ್ಲಿ ಸಬ್ರಾ ಮತ್ತು ಶತೀಲಾ ಶಿಬಿರಗಳಲ್ಲಿ ನರಮೇಧ ನಡೆಯಿತು. ಬೈರೂತಿನ 'ಅಸ್ಸಫೀರ್' ಪತ್ರಿಕೆಗೆ ಅವರು ಆ ದಿನಗಳಲ್ಲಿ ಬರೆದ ಚಿತ್ರಗಳಲ್ಲಿ ಕಪ್ಪು ಮಸಿ ಬಿಳಿಯನ್ನು ನುಂಗುತ್ತಾ ಹೋಗುವುದನ್ನು ಕಾಣಬಹುದು.

ನಾಜಿಯ ಬಗ್ಗೆ ನಮ್ಮಲ್ಲಿ ಬರೆಯುವವರು ಸಾಮಾನ್ಯವಾಗಿ ಇಸ್ರೇಲನ್ನು ಖಂಡಿಸಿದ ಚಿತ್ರಗಳನ್ನಷ್ಟೇ ಎತ್ತಿಕೊಳ್ಳುತ್ತಾರೆ. ಅದು ಅರ್ಧ ನಾಜಿ. ತೈಲದ ಹಣದಲ್ಲಿ ಮೈಮರೆತ ದೊರೆಗಳು, ಒಳಗೊಳಗೇ ಕೈಕುಲುಕಿದ ಸರಕಾರಗಳು, ಸ್ವತಃ ಯಾಸಿರ್ ಅರಫಾತ್ ಮತ್ತು ವಿಮೋಚನಾ ಸಂಘಟನೆಯ ನಾಯಕತ್ವ, ಹೀಗೆ ಯಾರನ್ನೂ ಅವರು ಬಿಡಲಿಲ್ಲ. 1985ರಲ್ಲಿ ಅವರನ್ನು ಕುವೈತಿನಿಂದ ಹೊರಹಾಕಿದ್ದು ಇಸ್ರೇಲ್ ಅಲ್ಲ. ಲಂಡನಿಗೆ ಹೋಗಿ 'ಅಲ್ ಕಬಸ್' ಪತ್ರಿಕೆಯ ಅಂತಾರಾಷ್ಟ್ರೀಯ ಆವೃತ್ತಿಗೆ ಬರೆಯತೊಡಗಿದ ಮೇಲೂ ಬೆದರಿಕೆಗಳು ಬಂದವು. 1987ರ ಜುಲೈ 22ರಂದು ಚೆಲ್ಸಿಯಾದ ಐವ್ಸ್ ಬೀದಿಯಲ್ಲಿ ಕಚೇರಿಗೆ ನಡೆದು ಹೋಗುತ್ತಿದ್ದ ಅವರ ಕತ್ತಿನ ಹಿಂಭಾಗಕ್ಕೆ ಒಬ್ಬ ಗುಂಡಿಕ್ಕಿದ. ಐದು ವಾರ ಪ್ರಜ್ಞೆ ಮರಳದೆ ಆಗಸ್ಟ್ 29ರಂದು ತೀರಿಕೊಂಡರು. ಐನುಲ್ ಹಿಲ್ವಾದಲ್ಲಿ ತಂದೆಯ ಪಕ್ಕ ದಫನ ಮಾಡಬೇಕೆಂಬುದು ಅವರ ಆಸೆಯಾಗಿತ್ತು. ಅದು ಸಾಧ್ಯವಾಗದೆ ಇಂಗ್ಲೆಂಡಿನ ಬ್ರೂಕ್‌ವುಡ್ ದಫನಭೂಮಿಯಲ್ಲಿ ಮಣ್ಣುಮಾಡಲಾಯಿತು.

ಕೊಂದವರು ಯಾರು? ಕೆಲವರು ಮೊಸಾದ್ ಕಡೆಗೆ ಬೆರಳು ತೋರಿಸಿದರು, ಕೆಲವರು ಫೆಲೆಸ್ತೀನಿ ನಾಯಕತ್ವದ ಕಡೆಗೆ. ಬಳಸಿದ ಪಿಸ್ತೂಲು 1989ರಲ್ಲಿ ಪ್ಯಾಡಿಂಗ್ಟನ್‌ನ ಬಯಲೊಂದರಲ್ಲಿ ಸಿಕ್ಕಿತು. ಮೂವತ್ತು ವರ್ಷಗಳ ಬಳಿಕ, 2017ರ ಆಗಸ್ಟ್‌ನಲ್ಲಿ, ಲಂಡನ್ ಪೊಲೀಸರು ಮಾಹಿತಿ ಕೋರಿ ಸಾರ್ವಜನಿಕರಿಗೆ ಮತ್ತೊಮ್ಮೆ ಮನವಿ ಮಾಡಿದರು. ಆದರೂ ಆ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಿಲ್ಲ. ಒಬ್ಬ ಚಿತ್ರಕಾರನ ಸಾವನ್ನು ಪರಸ್ಪರ ವೈರಿಗಳಾದ ಎರಡು ಕಡೆಯವರೂ ಬಯಸಿದ್ದಿರಬಹುದೆಂದು ಜನ ನಂಬುವಂತಾಯಿತಲ್ಲ, ಅದನ್ನು ನಾವು ಆತನ ಪ್ರಾಮಾಣಿಕತೆಗೆ ದೊರೆತ ಪ್ರಮಾಣಪತ್ರವೆಂದೇ ಎಣಿಸುತ್ತೇವೆ.

ವ್ಯಂಗ್ಯಚಿತ್ರವೆಂದೊಡನೆ ನಮ್ಮ ಓದುಗರಲ್ಲಿ ಹಲವರಿಗೆ 2005ರ ಡೆನ್ಮಾರ್ಕಿನ ಪ್ರಕರಣ ನೆನಪಾಗಿ ಮನಸ್ಸು ಮುದುಡುವುದುಂಟು. ಪ್ರವಾದಿವರ್ಯರ(ಸ) ನಿಂದೆಯನ್ನು ಅಭಿವ್ಯಕ್ತಿ ಸ್ವಾತಂತ್ರ್ಯವೆಂದು ಕೊಂಡಾಡಿದವರ ಜೊತೆ ನಮಗೆ ಸಹಮತವಿಲ್ಲ. ಅಲ್ಲಿ ಗೆರೆ ತಿರುಗಿದ್ದು ಗದ್ದುಗೆಯ ಕಡೆಗಲ್ಲ, ವಲಸೆ ಬಂದು ಬದುಕು ಕಟ್ಟಿಕೊಳ್ಳುತ್ತಿದ್ದ ಒಂದು ಅಲ್ಪಸಂಖ್ಯಾತ ಸಮುದಾಯದ ಕಡೆಗೆ. ಆದರೆ ಆ ನೋವಿನ ನೆಪದಲ್ಲಿ ಚಿತ್ರಕಾರರೆಲ್ಲರನ್ನೂ ಅನುಮಾನದಿಂದ ನೋಡಿದರೆ ಲಾಭವಾಗುವುದು ನಮ್ಮದೇ ನಾಡುಗಳ ಸರ್ವಾಧಿಕಾರಿಗಳಿಗೆ. 2011ರ ಆಗಸ್ಟ್ 25ರಂದು ದಮಾಸ್ಕಸ್‌ನಲ್ಲಿ ಅಲಿ ಫರ್ಝಾತ್ ಎಂಬ ಹಿರಿಯ ವ್ಯಂಗ್ಯಚಿತ್ರಕಾರರನ್ನು ಮುಸುಕುಧಾರಿಗಳು ಎಳೆದೊಯ್ದು ಥಳಿಸಿದರು. ಬಶ್ಶಾರ್ ಅಸದ್‌ನನ್ನು ಚಿತ್ರಿಸಿದ ಆ ಕೈಗಳ ಮೂಳೆಗಳನ್ನು ಹುಡುಕಿ ಮುರಿದರು. ಮರುವರ್ಷ ಬಂಧಿತರಾದ ಅಕ್ರಮ್ ರಸ್ಲಾನ್ ಎಂಬ ಇನ್ನೊಬ್ಬ ಚಿತ್ರಕಾರ ಸೆರೆಯಿಂದ ಜೀವಂತ ಮರಳಲಿಲ್ಲ. ಇವರಿಬ್ಬರೂ ಮುಸ್ಲಿಮ್ ಹೆಸರಿನವರು, ಮುಸ್ಲಿಮ್ ಬಹುಸಂಖ್ಯಾತ ದೇಶದವರು. ಇವರಿಗಾಗಿ ನಮ್ಮ ಊರುಗಳಲ್ಲಿ ಎಷ್ಟು ಸಭೆಗಳು ನಡೆದವು?

ನಮ್ಮ ದೇಶವೂ ಈ ಪರೀಕ್ಷೆಯಿಂದ ಹೊರತಲ್ಲ. ತುರ್ತುಪರಿಸ್ಥಿತಿಯಲ್ಲಿ, 1975ರ ಡಿಸೆಂಬರ್‌ನಲ್ಲಿ, ಅಬು ಅಬ್ರಹಾಂ ಬರೆದ ಚಿತ್ರದಲ್ಲಿ ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ಸಹಿ ಹಾಕುತ್ತಾರೆ. ಅದು ಹೇಗೋ ಅಚ್ಚಾಯಿತು. ಅವರ ಇತರ ಎಷ್ಟೋ ಚಿತ್ರಗಳು ಸೆನ್ಸಾರ್ ಅಧಿಕಾರಿಗಳ ಮೇಜು ದಾಟಲಿಲ್ಲ.

ಕಂಪ್ಯೂಟರಿನ, ಮೊಬೈಲಿನ ಕಾಲದಲ್ಲಿ ಕೈಬರಹದ ಚಿತ್ರಕ್ಕೆ ಬೆಲೆಯೇನು ಎಂದು ಕೇಳುವವರಿದ್ದಾರೆ. ಫೋಟೊ, ವೀಡಿಯೊಗಳು ಸೆಕೆಂಡಿಗೊಂದರಂತೆ ಬಂದು ಬೀಳುತ್ತವೆ. ಹಾಗೆ ಬಿದ್ದದ್ದು ಹಾಗೆಯೇ ಜಾರಿಹೋಗುತ್ತದೆ ಕೂಡ. ಗೆರೆ ನಿಧಾನದ ಕೆಲಸ. ನೋಡುವವನನ್ನೂ ಅದು ನಿಧಾನಿಸುವಂತೆ ಮಾಡುತ್ತದೆ. 2024ರ ಅಕ್ಟೋಬರ್ 14ರಂದು ಗಾಝಾದ ಆಸ್ಪತ್ರೆಯೊಂದರ ಆವರಣದ ಗುಡಾರಗಳಿಗೆ ಇಸ್ರೇಲಿನ ದಾಳಿಯಿಂದ ಬೆಂಕಿ ಬಿದ್ದಾಗ ಶಅಬಾನ್ ಅದ್ದಲೂ ಎಂಬ 19ರ ತರುಣ ಜೀವಂತ ಸುಟ್ಟುಹೋದ. ಆ ವೀಡಿಯೊವನ್ನು ಜಗತ್ತೇ ನೋಡಿತು. ಜಬಾಲಿಯಾ ಶಿಬಿರದಲ್ಲಿದ್ದ ಚಿತ್ರಕಲಾವಿದೆ ಮಹಾಸಿನ್ ಅಲ್ ಖತೀಬ್ ಜ್ವಾಲೆಯ ನಡುವಿನ ಆ ದೇಹವನ್ನು ಚಿತ್ರವಾಗಿಸಿದರು. ಅಕ್ಟೋಬರ್ 18ರಂದು ವೈಮಾನಿಕ ದಾಳಿಯಲ್ಲಿ ಅವರೂ ಹತರಾದರು. ಶಅಬಾನನ ಚಿತ್ರ ಅವರ ಕೊನೆಯ ಚಿತ್ರಗಳಲ್ಲೊಂದು.

ಹಂದಲಾ ಈಗ ಪತ್ರಿಕೆಯ ಪುಟದಲ್ಲಿಲ್ಲ. ಪಶ್ಚಿಮ ದಂಡೆಯನ್ನು ಸೀಳುವ ಕಾಂಕ್ರೀಟ್ ಗೋಡೆಯ ಮೇಲೆ, ನಿರಾಶ್ರಿತ ಶಿಬಿರಗಳ ಓಣಿಗಳಲ್ಲಿ, ಹುಡುಗಿಯರ ಕೊರಳ ಸರದಲ್ಲಿ, ದೂರದ ದೇಶಗಳ ವಿದ್ಯಾರ್ಥಿಗಳ ಅಂಗಿಯ ಮೇಲೆ ಇದ್ದಾನೆ. ಮರಸೇಬಿನಂತೆಯೇ ಆತನನ್ನು ಯಾರು ಬೇಕಾದರೂ ಬರೆಯಬಹುದು, ಹತ್ತು ಹನ್ನೆರಡು ಗೆರೆ ಸಾಕು. 2025ರ ಜುಲೈನಲ್ಲಿ ಮಕ್ಕಳ ಹಾಲಿನ ಪುಡಿ, ಆಹಾರ, ಔಷಧಿಗಳನ್ನು ಹೊತ್ತ ಹಳೆಯ ಹಡಗೊಂದು ಗಾಝಾದ ದಿಗ್ಬಂಧನವನ್ನು ಭೇದಿಸಲು ಇಟಲಿಯಿಂದ ಹೊರಟಿತು. ಅದರಲ್ಲಿ ಹಲವು ದೇಶಗಳ 21 ಮಂದಿ ಇದ್ದರು. ಜುಲೈ 26ರ ರಾತ್ರಿ ಇಸ್ರೇಲಿ ಸೈನಿಕರು ನಡುಗಡಲಿನಲ್ಲಿ ಅದನ್ನು ಹತ್ತಿ ವಶಪಡಿಸಿಕೊಂಡು ಅಶ್ದೋದ್ ಬಂದರಿಗೆ ಒಯ್ದರು. ಆ ಹಡಗಿನ ಹೆಸರು ಹಂದಲಾ.